ನಿಧಾನದ ಗಿಟಾರ್: ಮಲೆನಾಡಿನ ಮಳೆಯಲ್ಲಿ ಪಿಂಕ್ ಫ್ಲಾಯ್ಡ್

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಗಿಟಾರ್ ಹಿಡಿದು ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಹಚ್ಚಿಕೊಂಡವರು ಮೊದಲು ವಿಚಾರಿಸುವುದು ಪೆಡಲ್ ಬಗ್ಗೆ, ಅಂದರೆ ಕಾಲಲ್ಲಿ ಒತ್ತಿ ಗಿಟಾರ್‌ನ ದನಿ ಬದಲಿಸುವ ಪೆಟ್ಟಿಗೆಯ ಬಗ್ಗೆ. ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಬಳಸಿದ, ದನಿ ಒಡೆಯುವ ಬಿಗ್ ಮಫ್ ಪೆಡಲ್ ಯಾವ ಮಾದರಿಯದು, ಆಂಪ್ (ಆಂಪ್ಲಿಫೈಯರ್) ಯಾವುದು, ಮರುದನಿ ಕೊಡುವ ಡಿಲೇ ಎಷ್ಟು ಮಿಲಿಸೆಕೆಂಡು. ವಿಚಾರಿಸಬೇಕಾದ್ದೇ. ಆದರೆ ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ್ದು ಒಂದಿದೆ: ಇಷ್ಟು ಕಡಿಮೆ ಸ್ವರ ನುಡಿಸಿ ಈ ಮನುಷ್ಯ ಕೇಳುವವರ ಗಂಟಲು ಕಟ್ಟಿಸುವುದು ಹೇಗೆ? ಅವನಿಗಿಂತ ವೇಗವಾಗಿ ನುಡಿಸುವವರು ಅವನ ಕಾಲದಲ್ಲೇ ಬೇಕಾದಷ್ಟಿದ್ದರು. ಕಾಲೇಜು ಹಬ್ಬಗಳಲ್ಲಿ ಅದಕ್ಕಿಂತ ವೇಗವಾಗಿ ಬೆರಳು ಓಡಿಸುವ ಹುಡುಗರು ಇವತ್ತೂ ಸಿಗುತ್ತಾರೆ. ಆ ದನಿ ಮಾತ್ರ ಸಿಗುವುದಿಲ್ಲ.

ಉತ್ತರ ಇರುವುದು ಎಡಗೈಯ ಬೆರಳಲ್ಲಿ ಮತ್ತು ಕಾಯುವ ತಾಳ್ಮೆಯಲ್ಲಿ. ಎಳೆದ ತಂತಿ ಸರಿಯಾದ ಸ್ವರಕ್ಕೆ ಮುಟ್ಟಬೇಕು, ಕೆಳಗೆ ಓಡುತ್ತಿರುವ ಸ್ವರಗುಚ್ಛಕ್ಕೆ, ಅಂದರೆ ಕಾರ್ಡ್‌ಗೆ ಒಪ್ಪುವ ಸ್ವರದಲ್ಲಿ ನಿಲ್ಲಬೇಕು, ನಿಂತ ಮೇಲೆ ಸುಮ್ಮನಿರಬೇಕು. ಹೇಳುವುದಕ್ಕೆ ಸುಲಭ. ನಮ್ಮ ಕಡೆಯ ಥಂಡಿ, ಮಳೆ, ಕರೆಂಟು ಇವನ್ನೆಲ್ಲ ಎದುರಿಸಿ ಮಾಡುವುದು ಕಷ್ಟ. ಆದ್ದರಿಂದ ಎರಡನ್ನೂ ಒಟ್ಟಿಗೇ ಬರೆಯಬೇಕಾಗಿದೆ.

ವಾದ್ಯದ ಮೇಲಿನ ಮೋಹದ ಮಾತು ಮೊದಲು ಮುಗಿಸಿಬಿಡೋಣ. ಗಿಲ್ಮೋರ್‌ನ ಕಪ್ಪು ಫೆಂಡರ್ ಸ್ಟ್ರಾಟೊಕ್ಯಾಸ್ಟರ್ 1970ರಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಕೊಂಡದ್ದು. ಅದರ ಕತ್ತು, ತಂತಿಯ ಕಂಪನ ಹಿಡಿಯುವ ಪಿಕಪ್, ತಂತಿಗಳನ್ನು ಹೊರುವ ಬ್ರಿಡ್ಜ್ ಎಲ್ಲವನ್ನೂ ವರ್ಷಾನುಗಟ್ಟಲೆ ಬದಲಾಯಿಸುತ್ತಲೇ ಹೋದರು. ಸ್ವರವನ್ನು ತೂಗಿಸುವ ಟ್ರೆಮೊಲೊ ಕಡ್ಡಿಯನ್ನು ಕತ್ತರಿಸಿ ಗಿಡ್ಡ ಮಾಡಿಸಿದರು. 2019ರ ಜೂನ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಅದು 39.75 ಲಕ್ಷ ಡಾಲರಿಗೆ ಹೋಯಿತು. ಆ ಹರಾಜಿನ ಹಣವನ್ನೆಲ್ಲ ಗಿಲ್ಮೋರ್ ಪರಿಸರ ಕಾನೂನಿನ ಹೋರಾಟ ಮಾಡುವ ಕ್ಲೈಂಟ್‌ಅರ್ತ್ ಸಂಸ್ಥೆಗೆ ಕೊಟ್ಟರು. ಆಮೇಲೆ ಬೇರೆ ಗಿಟಾರ್ ಹಿಡಿದು ನುಡಿಸಿದಾಗಲೂ ಎರಡನೇ ಸ್ವರಕ್ಕೇ ಇದು ಅವರೇ ಎಂದು ಗೊತ್ತಾಗುತ್ತದೆ. ಅಷ್ಟು ಸಾಕು.

ಈಗ ಹಾಡಿಗೆ ಬರೋಣ. 1975ರ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಕೇಳುವಾಗ ನಮ್ಮವರಿಗೆ ಒಂದು ಅನುಕೂಲವಿದೆ, ಆಲಾಪ ಕೇಳಿ ರೂಢಿ ಇದೆ. ಶುರುವಿಗೆ ಜಿ ಮೈನರ್ (ದುಃಖದ ಛಾಯೆಯ ಪಾಶ್ಚಾತ್ಯ ಸ್ವರಶ್ರೇಣಿ) ಮೇಲೆ ಕೀಬೋರ್ಡಿನ ದನಿ ಶ್ರುತಿ ಹಿಡಿದ ಹಾಗೆ ನಿಂತಿರುತ್ತದೆ. ಅದರೊಳಗೆ ನೀರು ತುಂಬಿದ ಗಾಜಿನ ಲೋಟಗಳ ಅಂಚನ್ನು ಬೆರಳಿನಿಂದ ಉಜ್ಜಿ ಹೊರಡಿಸಿದ ನಾದವೂ ಸೇರಿದೆ. ತಾಳ ಇಲ್ಲ, ಡ್ರಮ್ಸ್ ಇಲ್ಲ. ಗಿಟಾರ್ ಬಂದು ಒಂದೊಂದೇ ಸ್ವರ ಇಟ್ಟು ಹೋಗುತ್ತದೆ. ಮಾತು ಶುರುವಾಗುವ ಹೊತ್ತಿಗೆ ಎಂಟು ನಿಮಿಷ ಕಳೆದಿರುತ್ತದೆ. ರೇಡಿಯೊದಲ್ಲಿ ಮೂರು ನಿಮಿಷದ ಹಾಡು ಓಡುತ್ತಿದ್ದ ಕಾಲದಲ್ಲಿ ಇಷ್ಟು ಕಾಯಿಸುವ ಧೈರ್ಯ ಬೇಕಿತ್ತು.

ಅದರ ನಡುವೆ ಬರುವ ನಾಲ್ಕು ಸ್ವರಗಳನ್ನು ಅಭಿಮಾನಿಗಳು ನಿದ್ದೆಯಲ್ಲೂ ಗುರುತಿಸುತ್ತಾರೆ: ಬಿ ಫ್ಲಾಟ್, ಎಫ್, ಜಿ, ಇ. ಜಿ ಸ್ವರವನ್ನು ಷಡ್ಜ ಎಂದು ಹಿಡಿದರೆ ಅವು ಸಾಧಾರಣ ಗಾಂಧಾರ, ಕೈಶಿಕಿ ನಿಷಾದ, ಷಡ್ಜ, ಚತುಶ್ರುತಿ ಧೈವತ. ಅಂದರೆ ನಮ್ಮ ಖರಹರಪ್ರಿಯದ ಒಳಗಿನವು. ಹಿಂದೂಸ್ತಾನಿಯವರು ಕಾಫಿ ಥಾಟ್ ಎನ್ನುತ್ತಾರೆ. ಕೊನೆಯ ಧೈವತದಲ್ಲೇ ಗುಟ್ಟಿರುವುದು. ಅಲ್ಲಿಯವರೆಗಿನ ಗಿಟಾರ್ ಹೆಚ್ಚಾಗಿ ಧೈವತವನ್ನೇ ಮುಟ್ಟದ, ಐದೇ ಸ್ವರಗಳ ಜಿ ಮೈನರ್ ಪೆಂಟಟಾನಿಕ್‌ನಲ್ಲಿ ಓಡಾಡಿರುತ್ತದೆ. ಮೈನರ್ ನೆಲದ ಮೇಲೆ ಕಿವಿ ಆ ಜಾಗಕ್ಕೆ ಇ ಫ್ಲಾಟ್ ನಿರೀಕ್ಷಿಸುತ್ತದೆ. ಬರುವುದು ಅದಕ್ಕಿಂತ ಅರ್ಧ ಮೆಟ್ಟಿಲು ಮೇಲಿನ ಇ. ದುಃಖವೂ ಅಲ್ಲ, ಸಮಾಧಾನವೂ ಅಲ್ಲ, ಪ್ರಶ್ನೆ ಹಾಗೇ ಉಳಿದುಬಿಡುತ್ತದೆ. ಇದನ್ನು ನುಡಿಸುವವರು ಮಾಡುವ ಸಾಮಾನ್ಯ ತಪ್ಪೆಂದರೆ ಮುಂದಿನ ಸ್ವರಕ್ಕೆ ಹೋಗುವಾಗ ಹಿಂದಿನ ತಂತಿಯಿಂದ ಬೆರಳು ಎತ್ತಿಬಿಡುವುದು. ನಾಲ್ಕೂ ಒಂದರ ಮೇಲೊಂದು ಮೊಳಗುತ್ತಿರಬೇಕು. ಬೆರಳ ತುದಿ ನೆಟ್ಟಗೆ ನಿಂತರೆ ಪಕ್ಕದ ತಂತಿ ಮುಚ್ಚಿಹೋಗುವುದಿಲ್ಲ. ಪಿಕ್ಕನ್ನು ಬ್ರಿಡ್ಜ್ ಹತ್ತಿರ ತರದೆ ಕತ್ತಿನ ಕಡೆಗೆ ಇಟ್ಟು ಹೊಡೆದರೆ ದನಿ ದುಂಡಗಾಗುತ್ತದೆ.

ಈ ಹಾಡು ಹುಟ್ಟಿದ್ದು ಸಿಡ್ ಬ್ಯಾರೆಟ್‌ಗಾಗಿ. ತಂಡ ಕಟ್ಟಿದವನು, ಮನಸ್ಸು ಕೆಟ್ಟು 1968ರಲ್ಲಿ ತಂಡದಿಂದ ಹೊರಬಿದ್ದವನು. ಅವನ ಜಾಗ ತುಂಬಲು ಬಂದವರು ಅವನ ಬಾಲ್ಯದ ಗೆಳೆಯ ಗಿಲ್ಮೋರ್. 1975ರ ಜೂನ್‌ನಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದಲ್ಲಿ ಈ ಹಾಡಿರುವ ಆಲ್ಬಂನ ಕೆಲಸ ನಡೆಯುತ್ತಿದ್ದಾಗ ತಲೆ, ಹುಬ್ಬು ಬೋಳಿಸಿಕೊಂಡ ಸಿಡ್ ಹೇಳದೇ ಕೇಳದೇ ಒಳಗೆ ಬಂದ. ಯಾರೆಂದು ಗುರುತಿಸಲು ಗೆಳೆಯರಿಗೇ ಹೊತ್ತು ಹಿಡಿಯಿತು. ಇದು ಗೊತ್ತಿಲ್ಲದೆ ಕೇಳಿದರೂ ಹಾಡು ತಟ್ಟುತ್ತದೆ. ಗೊತ್ತಾದ ಮೇಲೆ ಕೇಳಿದರೆ ಆ ನಾಲ್ಕನೇ ಸ್ವರವನ್ನು ಅವಸರದಲ್ಲಿ ನುಡಿಸುವುದು ಸಾಧ್ಯವೇ ಆಗುವುದಿಲ್ಲ.

ತಂತಿ ಎಳೆಯುವುದು ನಮಗೇನೂ ಹೊಸದಲ್ಲ. ವೀಣೆಯಲ್ಲಿ, ಸಿತಾರಿನಲ್ಲಿ ತಂತಿಯನ್ನು ಮೆಟ್ಟಿಲ ಮೇಲೆ ಪಕ್ಕಕ್ಕೆ ಎಳೆದೇ ಗಮಕ, ಮೀಂಡ್ ತೆಗೆಯುವುದು. ಗಿಟಾರ್‌ನ ಬೆಂಡ್ ಕೂಡ ಅದೇ ಯಂತ್ರ. ವ್ಯತ್ಯಾಸ ಎಲ್ಲಿ ಅಂದರೆ ವೀಣೆ ಕಲಿಯುವವರಿಗೆ ಗುರು ಪಕ್ಕದಲ್ಲಿ ಕೂತು ಸ್ವರ ತಲುಪಲಿಲ್ಲ ಎಂದು ತಿದ್ದುತ್ತಾರೆ. ಮೊಬೈಲ್ ನೋಡಿ ಗಿಟಾರ್ ಕಲಿಯುವವರಿಗೆ ಹಾಗೆ ತಿದ್ದುವವರಿಲ್ಲ. ಹಾಗಾಗಿ ತಿದ್ದಿಕೊಳ್ಳುವ ಕ್ರಮ ಒಂದು ಬೇಕು.

‘ಕಂಫರ್ಟಬ್ಲಿ ನಂಬ್’ ಹಾಡಿನ ಕೊನೆಯ ಸೋಲೊ (ಗಿಟಾರ್ ಒಂದೇ ಮುಂದೆ ನಿಂತು ನುಡಿಯುವ ಭಾಗ) ಬಿ ಮೈನರ್‌ನಲ್ಲಿದೆ. ಏಳನೇ ಫ್ರೆಟ್ಟಿನ (ಕತ್ತಿನ ಮೇಲಿನ ಲೋಹದ ಮೆಟ್ಟಿಲಿನ) ಸುತ್ತ ಕೈ ಇಡಿ. ಮೂರನೇ ತಂತಿಯ ಒಂಬತ್ತನೇ ಫ್ರೆಟ್ ಇ ಸ್ವರ. ಅದನ್ನು ಒಂದು ಪೂರ್ತಿ ಸ್ವರ ಎಳೆದರೆ ಎಫ್ ಶಾರ್ಪ್. ಅದೇ ಎಫ್ ಶಾರ್ಪ್ ಎರಡನೇ ತಂತಿಯ ಏಳನೇ ಫ್ರೆಟ್ಟಿನಲ್ಲಿ ಎಳೆಯದೇ ಸಿಗುತ್ತದೆ. ಮೊದಲು ಅದನ್ನು ಹೊಡೆದು ಕಿವಿಯಲ್ಲಿ ಇಟ್ಟುಕೊಳ್ಳಿ. ಆಮೇಲೆ ಉಂಗುರದ ಬೆರಳು ಒಂಬತ್ತರ ಮೇಲೆ, ಅದರ ಹಿಂದೆ ನಡುಬೆರಳು ಮತ್ತು ತೋರುಬೆರಳು ಅದೇ ತಂತಿಗೆ ಆಸರೆ, ಹೆಬ್ಬೆರಳು ಕತ್ತಿನ ಮೇಲಂಚಿಗೆ ಒರಗಿರಲಿ. ಬೆರಳನ್ನು ಮೇಲಕ್ಕೆ ತಳ್ಳಬೇಡಿ. ಬಾಗಿಲ ಚಿಲಕ ತಿರುಗಿಸುವಂತೆ ಮುಂಗೈ ತಿರುಗಲಿ, ಬೆರಳು ಅದರ ಜೊತೆ ಹೋಗಲಿ. ತಲುಪಿದಾಗ ಎರಡನೇ ತಂತಿಯನ್ನೂ ಹೊಡೆಯಿರಿ. ಎರಡೂ ಒಂದೇ ಆಗಿದ್ದರೆ ದನಿ ನಿಶ್ಚಲ. ಸ್ವಲ್ಪ ಕಡಿಮೆ ಇದ್ದರೂ ಎರಡರ ನಡುವೆ ‘ವಂವ್ ವಂವ್’ ಎಂದು ಅಲೆ ಏಳುತ್ತದೆ. ಹತ್ತಿರವಾದಷ್ಟೂ ಅಲೆ ನಿಧಾನವಾಗುತ್ತಾ ಬಂದು ನಿಂತುಹೋಗುತ್ತದೆ. ಅಲೆ ನಿಂತ ಜಾಗವನ್ನು ಕೈ ನೆನಪಿಟ್ಟುಕೊಳ್ಳುವವರೆಗೆ ಇದೊಂದನ್ನೇ ಮಾಡಬೇಕು.

ಎಳೆತ ಕಡಿಮೆಯಾಗುವುದೇ ನೂರಕ್ಕೆ ತೊಂಬತ್ತು ಪಾಲು ತೊಂದರೆ. ಕಾಲು ಸ್ವರ ಕಡಿಮೆಯಾದರೂ ಕೇಳುವವರಿಗೆ ಹುಳಿ ಹುಳಿ ಅನಿಸುತ್ತದೆ, ಏಕೆಂದು ಹೇಳಲು ಬರುವುದಿಲ್ಲ, ಅಷ್ಟೇ. ಇನ್ನು ತುದಿಯಲ್ಲಿ ಕೊಡುವ ವೈಬ್ರಟೊ, ಅಂದರೆ ಸ್ವರದ ಅಲುಗಾಟ. ಎಳೆದು ನಿಲ್ಲಿಸಿದ ಸ್ವರಕ್ಕೆ ವೈಬ್ರಟೊ ಕೊಡುವಾಗ ತಂತಿಯನ್ನು ಚೂರು ಸಡಿಲಿಸಿ ಮತ್ತೆ ಅದೇ ಸ್ವರಕ್ಕೆ ತರಬೇಕು. ಇನ್ನೂ ಮೇಲಕ್ಕೆ ದೂಡಿದರೆ ಸ್ವರ ಶಾರ್ಪ್ ಆಗಿ ಕಿರುಚುತ್ತದೆ. ಗಿಲ್ಮೋರ್ ಸ್ವರ ಮುಟ್ಟಿದ ತಕ್ಷಣ ಅಲುಗಿಸುವುದಿಲ್ಲ. ಮೊದಲು ನೇರ ನಿಲ್ಲಿಸುತ್ತಾರೆ, ಸ್ವರ ಇನ್ನೇನು ಸಾಯುತ್ತದೆ ಅನ್ನುವಾಗ ಅಲೆ ಶುರು, ಅದೂ ಅಗಲ, ನಿಧಾನ. ಎಳೆಯದ ಸ್ವರಗಳಿಗೆ ಎಷ್ಟೋ ಸಲ ಟ್ರೆಮೊಲೊ ಕಡ್ಡಿಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ತೂಗಿಸುತ್ತಾರೆ.

ನಿಲ್ಲುವ ಸ್ವರದ ಬಗ್ಗೆ. ಆ ಸೋಲೊದ ಕೆಳಗೆ ಬಿ ಮೈನರ್, ಎ, ಜಿ, ಇ ಮೈನರ್, ಮತ್ತೆ ಬಿ ಮೈನರ್ ಹೀಗೆ ಸುತ್ತುತ್ತದೆ. ಪೆಂಟಟಾನಿಕ್ ಕಲಿತವರು ಬಿ ಮೈನರ್ ಪೆಂಟಟಾನಿಕ್‌ನ ಐದು ಸ್ವರಗಳನ್ನು ಎಲ್ಲಿ ಬೇಕೆಂದರಲ್ಲಿ ಸುರಿಯುತ್ತಾರೆ. ತಪ್ಪು ಸ್ವರ ಬರುವುದಿಲ್ಲ, ಆದರೆ ಅರ್ಥವೂ ಬರುವುದಿಲ್ಲ. ಒಂದು ಅಭ್ಯಾಸ ಮಾಡಿ ನೋಡಿ: ಒಂದು ಕಾರ್ಡ್‌ಗೆ ಒಂದೇ ಸ್ವರ. ಬಿ ಮೈನರ್ ಬಂದಾಗ ಎಫ್ ಶಾರ್ಪ್, ಎ ಬಂದಾಗ ಇ, ಜಿ ಬಂದಾಗ ಡಿ, ಇ ಮೈನರ್ ಬಂದಾಗ ಬಿ. ನಾಲ್ಕೂ ಆ ಐದರೊಳಗಿನವೇ, ಆಯಾ ಕಾರ್ಡ್‌ಗೂ ಸೇರಿದವು. ಇಷ್ಟನ್ನೇ ಮೇಲಿನಿಂದ ಇಳಿಸುತ್ತಾ ಬಂದರೆ ಆಗಲೇ ಒಂದು ಸಾಲು ಆಯಿತು. ಆಮೇಲೆ ಆ ಸ್ವರಗಳಿಗೆ ಹೋಗುವ ದಾರಿಯನ್ನು ಅಲಂಕರಿಸಿ, ಕೆಳಗಿನಿಂದ ಎಳೆದು ತಲುಪಿ, ಮೇಲಿನಿಂದ ಜಾರಿ ಬನ್ನಿ. ಗಿಲ್ಮೋರ್ ಮಾಡುವುದು ಮೂಲತಃ ಇದೇ. ಅವರ ಸಾಲುಗಳನ್ನು ಬಾಯಲ್ಲಿ ಹಾಡಿಕೊಳ್ಳಲು ಬರುವುದು ಇದಕ್ಕೇ.

ಇದೆಲ್ಲ ಆ ಕ್ಷಣದಲ್ಲಿ ತಾನಾಗಿ ಉಕ್ಕಿ ಬಂದದ್ದು ಎಂಬ ನಂಬಿಕೆ ಅಭಿಮಾನಿಗಳಲ್ಲಿ ಗಟ್ಟಿಯಾಗಿದೆ. ಅರ್ಧ ನಿಜ. ಧ್ವನಿಮುದ್ರಣದಲ್ಲಿ ಗಿಲ್ಮೋರ್ ಐದಾರು ಸಲ ನುಡಿಸಿ, ಪ್ರತಿಯೊಂದರಲ್ಲೂ ಒಳ್ಳೆಯ ತುಣುಕು ಯಾವುದೆಂದು ಗುರುತು ಹಾಕಿ, ಅವನ್ನು ಆಯ್ದು ಜೋಡಿಸಿದರು. 1979ರ ‘ದ ವಾಲ್’ ಆಲ್ಬಂನಲ್ಲಿ ಕೇಳುವುದು ಆ ಜೋಡಣೆ. ಇದನ್ನು ತಿಳಿದರೆ ಅಭಿಮಾನ ಕಡಿಮೆಯಾಗಬೇಕಿಲ್ಲ. ಉಕ್ಕಿ ಬಂದದ್ದರಲ್ಲಿ ಯಾವುದು ಉಳಿಯಬೇಕು ಎಂದು ಆರಿಸುವ ಕಿವಿಯೂ ಪ್ರತಿಭೆಯೇ. ಮನೆಯಲ್ಲಿ ಅಭ್ಯಾಸ ಮಾಡುವವರಿಗೂ ಇದೇ ದಾರಿ: ಹಿನ್ನೆಲೆ ವಾದ್ಯಗಳಷ್ಟೇ ಇರುವ ಬ್ಯಾಕಿಂಗ್ ಟ್ರ್ಯಾಕ್ ಹಾಕಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅದೇ ದಿನ ಕೇಳಿದರೆ ಕೈಗೆ ಪಟ್ಟ ಶ್ರಮವೇ ಕಿವಿಗೆ ಚೆಂದ ಕೇಳಿಸುತ್ತದೆ.

ಅದೇ ಹಾಡಿನಲ್ಲಿ ಮೊದಲು ಬರುವ ಸೋಲೊವನ್ನು ಅನೇಕರು ಕೊನೆಯದರ ನೆರಳಿನಲ್ಲಿ ಮರೆಯುತ್ತಾರೆ. ಅದು ಡಿ ಮೇಜರ್‌ನಲ್ಲಿ, ಪಲ್ಲವಿಯ ಕಾರ್ಡ್‌ಗಳ ಮೇಲೆ ಬರುತ್ತದೆ. ಹಾಡಿನಲ್ಲಿ ಪದ್ಯ ಹೇಳುವವರು ತಂಡದ ಬಾಸ್ ಗಿಟಾರ್ ವಾದಕ ರೋಜರ್ ವಾಟರ್ಸ್, ಪಲ್ಲವಿ ಗಿಲ್ಮೋರ್. ಮೈಕಲ್ ಕೇಮೆನ್ ಅವರ ವಾದ್ಯವೃಂದ ಹಿಂದಿನಿಂದ ಎತ್ತುತ್ತದೆ. ನನ್ನ ಮಟ್ಟಿಗೆ ಮೊದಲನೆಯದೇ ಹೆಚ್ಚು ಕಷ್ಟದ್ದು. ಮೈನರ್‌ನಲ್ಲಿ ದುಃಖ ತರುವುದಕ್ಕಿಂತ ಮೇಜರ್‌ನಲ್ಲಿ ಗಂಟಲು ಕಟ್ಟಿಸುವುದಕ್ಕೆ ಹೆಚ್ಚು ಹದ ಬೇಕು.

ಲಯ ಇನ್ನೊಂದು ಮುಳ್ಳು. ಈ ಹಾಡಿನ ಓಟ ನಿಮಿಷಕ್ಕೆ ಸುಮಾರು 64 ಬೀಟ್. ಇಷ್ಟು ನಿಧಾನದಲ್ಲಿ ಎರಡು ಬೀಟುಗಳ ನಡುವೆ ಹಿಡಿದುಕೊಳ್ಳಲು ಏನೂ ಸಿಗದೆ ಎಲ್ಲರೂ ಮುಂದೆ ಓಡುತ್ತಾರೆ. ಮೆಟ್ರೊನೋಮ್ ಅನ್ನು 128ಕ್ಕೆ ಇಟ್ಟು ಒಂದು ಬಿಟ್ಟು ಒಂದನ್ನು ಎಣಿಸಿ. ಕೈ ಕೂತ ಮೇಲೆ 64ಕ್ಕೆ ಇಳಿಸಿ. ಡಿಲೇ ಲೆಕ್ಕವೂ ಇಲ್ಲೇ ಸಿಗುತ್ತದೆ. 60,000ವನ್ನು ಬೀಟಿನ ಸಂಖ್ಯೆಯಿಂದ ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡು: 64ಕ್ಕೆ ಸುಮಾರು 938. ಅದರ ಮೂರರಲ್ಲೆರಡು ಪಾಲು 625, ನಾಲ್ಕರಲ್ಲಿ ಮೂರು ಪಾಲು 703. ಇವೆರಡರಲ್ಲಿ ಯಾವುದನ್ನಿಟ್ಟರೂ ಮರುದನಿ ತಾಳಕ್ಕೆ ಹೊಂದುತ್ತದೆ. ಮರುದನಿ ನಾಲ್ಕೈದು ಸಲ ಬಂದು ಸಾಯಲಿ, ಅದರ ಮಟ್ಟ ಮೂಲ ದನಿಯ ಕಾಲುಭಾಗಕ್ಕಿಂತ ಜಾಸ್ತಿ ಬೇಡ. ಜಾಸ್ತಿಯಾದರೆ ಸ್ವರಗಳ ನಡುವಿನ ಖಾಲಿ ಜಾಗ ತುಂಬಿಹೋಗುತ್ತದೆ. ಈ ಸಂಗೀತ ಬದುಕಿರುವುದೇ ಆ ಖಾಲಿ ಜಾಗದಲ್ಲಿ.

‘ಅನದರ್ ಬ್ರಿಕ್ ಇನ್ ದ ವಾಲ್’ ಎರಡನೇ ಭಾಗದ ಸೋಲೊ ಸ್ಟ್ರಾಟೊಕ್ಯಾಸ್ಟರ್‌ನದಲ್ಲ, 1955ರ ಗಿಬ್ಸನ್ ಲೆಸ್ ಪಾಲ್ ಗೋಲ್ಡ್‌ಟಾಪ್‌ನದು, ಪಿ-90 ಪಿಕಪ್ ಇರುವಂಥದ್ದು. ಇದು ಮುಖ್ಯ ಏಕೆಂದರೆ ಲೆಸ್ ಪಾಲ್‌ನಲ್ಲಿ ತಂತಿಯ ಉದ್ದ 24.75 ಇಂಚು, ಸ್ಟ್ರಾಟ್‌ನಲ್ಲಿ 25.5. ಒಂದೇ ದಪ್ಪದ ತಂತಿ ಲೆಸ್ ಪಾಲ್‌ನಲ್ಲಿ ಮೆತ್ತಗಿರುತ್ತದೆ. ಡಿ ಮೈನರ್‌ನ ಆ ಸೋಲೊದಲ್ಲಿ ಒಮ್ಮೆ ಹೊಡೆದ ಸ್ವರವನ್ನು ಎಳೆದು, ಮತ್ತೆ ಹೊಡೆಯದೆ ಇನ್ನೂ ಮೇಲಕ್ಕೆ ಎಳೆಯುವ ಜಾಗಗಳಿವೆ. ಅಗ್ಗದ ಸ್ಟ್ರಾಟ್ ನಕಲಿನಲ್ಲಿ ಅದನ್ನು ಮಾಡಲು ಹೋಗಿ ಬೆರಳು ಬಿರಿಸಿಕೊಳ್ಳುವವರಿದ್ದಾರೆ. ತಂತಿಯನ್ನು ಅರ್ಧ ಸ್ವರ ಇಳಿಸಿ ಕಟ್ಟಿ ಕಲಿತುಕೊಳ್ಳಿ, ಕೈ ಬಲಿತ ಮೇಲೆ ಏರಿಸಿ. ಗಿಲ್ಮೋರ್ ಸ್ಟ್ರಾಟ್‌ಗೆ ಹಾಕುವ ಸೆಟ್ 10, 12, 16, 28, 38, 48 (ತಂತಿಯ ದಪ್ಪ, ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ). ಮಾಮೂಲಿ ಹತ್ತರ ಸೆಟ್ಟಿಗಿಂತ ಎರಡನೇ ಮತ್ತು ಮೂರನೇ ತಂತಿ ಸಣ್ಣ, ದಪ್ಪ ತಂತಿಗಳು ಇನ್ನೂ ದಪ್ಪ. ಎಳೆಯುವ ತಂತಿ ಹಗುರ, ನುಡಿಸುವ ತಂತಿ ಗಟ್ಟಿ. ಅಂಗಡಿಯಲ್ಲಿ ಆ ಸೆಟ್ ಸಿಗದಿದ್ದರೆ ಮಾಮೂಲಿ ಹತ್ತರ ಸೆಟ್ ಸಾಕು, ಒಂಬತ್ತಕ್ಕೆ ಇಳಿಯಬೇಡಿ; ಅಗಲ ವೈಬ್ರಟೊದಲ್ಲಿ ಸಣ್ಣ ತಂತಿ ಅಂಕೆ ತಪ್ಪುತ್ತದೆ.

ಈಗ ನಮ್ಮ ಮಳೆ. ಆರಿದ್ರಾ, ಪುನರ್ವಸು ಹಿಡಿದರೆ ಹೊಸನಗರ, ಆಗುಂಬೆ ಕಡೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮರದ ವಾದ್ಯದ ಪಾಡೇನು. ಗಿಟಾರ್‌ಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಸಿಗುವ ಮಾತೇ ಇಲ್ಲ. ಕತ್ತಿನ ಮರ ನೀರು ಕುಡಿದು ಊದುತ್ತದೆ, ತಂತಿಯ ಎಳೆತಕ್ಕೆ ಮುಂದಕ್ಕೆ ಬಾಗುತ್ತದೆ, ತಂತಿ ಫ್ರೆಟ್ಟಿನಿಂದ ಮೇಲೇಳುತ್ತದೆ. ಅಕೂಸ್ಟಿಕ್ ಗಿಟಾರ್ ಆದರೆ ಮುಂದಿನ ಹಲಗೆಯೂ ಉಬ್ಬಿ ಬ್ರಿಡ್ಜನ್ನು ಎತ್ತಿಬಿಡುತ್ತದೆ. ಬೆಂಡ್ ಭಾರವಾಯಿತು, ಹನ್ನೆರಡನೇ ಫ್ರೆಟ್ ಆಚೆ ಸ್ವರ ಶಾರ್ಪ್ ಆಯಿತು ಎಂದರೆ ಇದೇ ಕಾರಣ.

ಪರೀಕ್ಷೆ ಹೀಗೆ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳು ಎಂಟನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಸುಮಾರು 0.25 ಮಿಲಿಮೀಟರ್ ಸಂದು ಇರಬೇಕು, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು. ಹೆಚ್ಚಿದ್ದರೆ ಕತ್ತಿನೊಳಗಿನ ಲೋಹದ ಸರಳು ಟ್ರಸ್ ರಾಡನ್ನು ಬಲಕ್ಕೆ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ. ಮರ ನಿಧಾನವಾಗಿ ಒಗ್ಗುತ್ತದೆ. ಅದೇ ಹೊತ್ತಿಗೆ ಪೂರ್ತಿ ಸುತ್ತು ತಿರುಗಿಸಿದವರ ರಾಡ್ ಮುರಿದಿದೆ, ನಟ್ ಸವೆದಿದೆ. ಬೇಸಿಗೆ ಬಂದಾಗ ಇದರ ಉಲ್ಟಾ. ಫೆಬ್ರವರಿ ಕಳೆದು ಮರ ಒಣಗಿದರೆ ಕತ್ತು ನೆಟ್ಟಗಾಗಿ ತಂತಿ ಫ್ರೆಟ್ಟಿಗೆ ಬಡಿಯುತ್ತದೆ, ಫ್ರೆಟ್ಟಿನ ತುದಿಗಳು ಅಂಚಿನಲ್ಲಿ ಚುಚ್ಚುತ್ತವೆ. ಆಗ ಮಳೆಗಾಲದಲ್ಲಿ ಬಿಗಿ ಮಾಡಿದ್ದನ್ನು ಅಷ್ಟೇ ಸಡಿಲಿಸಬೇಕು.

ಹಳೆಯ ಮಾದರಿಯ ಸ್ಟ್ರಾಟ್ ಇದ್ದರೆ ಇನ್ನೊಂದು ತೊಡಕು. ಅದರ ಫ್ರೆಟ್‌ಬೋರ್ಡ್ 7.25 ಇಂಚಿನ ದುಂಡುತನದ್ದು. ತಂತಿ ತೀರ ಕೆಳಗಿದ್ದರೆ ಮೇಲಿನ ಫ್ರೆಟ್‌ಗಳಲ್ಲಿ ಎಳೆದ ತಂತಿ ಬೋರ್ಡಿನ ಉಬ್ಬಿಗೆ ತಾಗಿ ಸ್ವರ ಗಕ್ಕನೆ ಸಾಯುತ್ತದೆ. ಸೋಲೊದ ಶಿಖರದಲ್ಲೇ ಹೀಗಾಗುವುದು. ಹನ್ನೆರಡನೇ ಫ್ರೆಟ್ಟಿನಲ್ಲಿ ಸಣ್ಣ ತಂತಿಯ ಎತ್ತರ 1.8 ಮಿಲಿಮೀಟರ್‌ಗೆ ಏರಿಸಿದರೆ ಹೆಚ್ಚಿನ ಗಿಟಾರ್‌ಗಳಲ್ಲಿ ಸರಿಹೋಗುತ್ತದೆ.

ಗಿಟಾರನ್ನು ಹೊರಗೋಡೆಗೆ ತೂಗುಹಾಕಬೇಡಿ. ಜಂಬಿಟ್ಟಿಗೆಯ ಗೋಡೆ ಮಳೆಗಾಲ ಪೂರ್ತಿ ತೇವ ಉಗುಳುತ್ತಿರುತ್ತದೆ. ಬೆಚ್ಚಗಿರುತ್ತದೆಂದು ಬಚ್ಚಲೊಲೆಯ ಹತ್ತಿರವೋ ಅಟ್ಟದ ಮೇಲೋ ಇಡುವುದು ಇನ್ನೂ ಕೆಟ್ಟದ್ದು, ಬಿಸಿಗೆ ಬ್ರಿಡ್ಜಿನ ಅಂಟು ಬಿಡುತ್ತದೆ. ಗಟ್ಟಿ ಕೇಸಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ಅದರ ಹೊಟ್ಟೆ ತುಂಬಿತೆಂದು ಅರ್ಥ. ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿಟ್ಟು ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ, ಆರಿದ ಮೇಲೆ ವಾಪಸ್ ಹಾಕಿ. ಅಡುಗೆಯ ಬಾಣಲೆ ಮಾತ್ರ ಬೇಡ, ಆ ನೀಲಿ ಬಣ್ಣ ವಿಷದ್ದಾಗಿರಬಹುದು. ಚರ್ಮದ ಪಟ್ಟಿಯನ್ನು ಕೇಸಿನೊಳಗೆ ಬಿಡಬೇಡಿ, ಬೂಷ್ಟು ಮೊದಲು ಹತ್ತುವುದು ಅದಕ್ಕೇ.

ತಂತಿಯ ತುಕ್ಕು ಈ ಬಗೆಯ ಸಂಗೀತಕ್ಕೆ ನೇರ ಶತ್ರು. ವೇಗದ ರಿದಂ ನುಡಿಸುವವನಿಗೆ ಅದು ಅಷ್ಟಾಗಿ ಗೊತ್ತಾಗದು. ನಿಧಾನಕ್ಕೆ ಎಳೆಯುವವನಿಗೆ ಪ್ರತಿ ಬೆಂಡಿನಲ್ಲೂ ಗರಗರ ಕೇಳುತ್ತದೆ. ತುಕ್ಕು ಹಿಡಿದ ತಂತಿ ಫ್ರೆಟ್ಟನ್ನು ಅರದಂತೆ ಉಜ್ಜಿ ಸವೆಸುತ್ತದೆ ಕೂಡ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಪ್ರತಿ ತಂತಿಯನ್ನೂ ಮೇಲೆ ಕೆಳಗೆ ಒರೆಸಿ. ಮಳೆಗಾಲದಲ್ಲಿ ಮೂರ್ನಾಲ್ಕು ವಾರಕ್ಕೊಮ್ಮೆ ಬದಲಿಸಿ, ಲೇಪನವಿರುವ ತಂತಿಯಾದರೆ ಇನ್ನಷ್ಟು ದಿನ ಬರುತ್ತದೆ. ಮಂಕಾದ ಫ್ರೆಟ್‌ಗಳನ್ನು ಅತಿ ನಯವಾದ ಸ್ಟೀಲ್ ಉಣ್ಣೆಯಲ್ಲಿ, ಅಂದರೆ ನಾಲ್ಕು ಸೊನ್ನೆಯದರಲ್ಲಿ, ಹೊಳೆಯಿಸಬಹುದು. ಮೊದಲು ಪಿಕಪ್‌ಗಳ ಮೇಲೆ ಟೇಪ್ ಅಂಟಿಸಿ. ಇಲ್ಲದಿದ್ದರೆ ಉಕ್ಕಿನ ಪುಡಿ ಅಯಸ್ಕಾಂತಕ್ಕೆ ಹತ್ತಿ ಕೂರುತ್ತದೆ, ಮತ್ತೆ ಬಿಡುವುದಿಲ್ಲ. ತೋಟದ ಕೆಲಸ ಮುಗಿಸಿ, ನೀರಲ್ಲಿ ನೆನೆದ ಕೈಯಲ್ಲಿ ತಕ್ಷಣ ಬೆಂಡ್ ಮಾಡಿದರೆ ಬೆರಳ ತುದಿಯ ಗಟ್ಟಿ ಚರ್ಮ ಸಿಪ್ಪೆಯಂತೆ ಏಳುತ್ತದೆ. ಇಪ್ಪತ್ತು ನಿಮಿಷ ಒಣಗಲು ಬಿಡಿ.

ಕರೆಂಟಿನದು ಪ್ರತ್ಯೇಕ ಕಥೆ. ಸ್ಟ್ರಾಟ್‌ನ ಸಿಂಗಲ್ ಕಾಯಿಲ್ ಪಿಕಪ್ ಸುತ್ತಲಿನ 50 ಹರ್ಟ್ಸ್ ಗುಂಯ್ಗುಡುವಿಕೆಯನ್ನೆಲ್ಲ ಹೀರುತ್ತದೆ, ಬಿಗ್ ಮಫ್ ಅದನ್ನು ನೂರಾರು ಪಟ್ಟು ಹೆಚ್ಚಿಸುತ್ತದೆ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ನುಡಿಸಿದರೆ ಗುಂಯ್ ಅನ್ನುವುದು ಹೋಗಿ ಜೀರುಂಡೆಯ ದನಿ ಬರುತ್ತದೆ. ಸೈನ್ ವೇವ್ ಇನ್ವರ್ಟರ್ ಆದರೆ ತೊಂದರೆ ಕಡಿಮೆ. ಬಿಗ್ ಮಫ್ ಒಂದು 9 ವೋಲ್ಟ್ ಬ್ಯಾಟರಿಯ ಮೇಲೆ ಬಹಳ ಹೊತ್ತು ಓಡುತ್ತದೆ. ಡಿಜಿಟಲ್ ಡಿಲೇ ಬ್ಯಾಟರಿಯನ್ನು ಬೇಗ ಕುಡಿದು ಮುಗಿಸುತ್ತದೆ. ಅಡಾಪ್ಟರ್ ಕೊಳ್ಳುವಾಗ ಪ್ಲಗ್ಗಿನ ನಡುವಿನ ಪಿನ್ ಮೈನಸ್ ಇದೆಯೇ ನೋಡಿ. ಪೇಟೆಯಲ್ಲಿ ಸಿಗುವ ಮಾಮೂಲಿ ಅಡಾಪ್ಟರ್‌ಗಳಲ್ಲಿ ನಡುವೆ ಪ್ಲಸ್ ಇರುವುದೇ ಹೆಚ್ಚು. ತಿರುಗಾ ಮುರುಗಾ ಆದರೆ ಪೆಡಲ್ ಸುಡಬಹುದು.

ಅರ್ತ್ ವಿಷಯದಲ್ಲಿ ಉದಾಸೀನ ಖಂಡಿತ ಬೇಡ. ಗಿಟಾರ್‌ನ ತಂತಿ ಆಂಪ್‌ನ ಅರ್ತ್‌ಗೆ ಸೇರಿರುತ್ತದೆ. ಮೂರು ಪಿನ್ನಿನದನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಹಾಕಿದರೆ ಗುಂಯ್ ಕಡಿಮೆಯಾಗುತ್ತದೆ ಎಂದು ಹೇಳುವವರಿದ್ದಾರೆ. ಆಂಪ್ ಒಳಗೆ ಏನಾದರೂ ಕೆಟ್ಟರೆ ಕರೆಂಟು ನಿಮ್ಮ ಕೈಯ ಮೂಲಕವೇ ಹೋಗುತ್ತದೆ. ಗಣಪತಿ ಪೆಂಡಾಲಿನಲ್ಲಿ ಗಿಟಾರ್ ಆಂಪ್ ಒಂದು ಕಡೆಯ ಲೈನಿನಲ್ಲಿ, ಮೈಕ್ ಇನ್ನೊಂದು ಕಡೆಯ ಲೈನಿನಲ್ಲಿ ಇದ್ದರೆ ತುಟಿ ಮೈಕಿಗೆ ತಾಗಿದಾಗ ಶಾಕ್ ಹೊಡೆಯುವುದು ಇದರಿಂದಲೇ. ಎರಡನ್ನೂ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ, ಕರೆಂಟು ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಇರಲಿ. ಬೇಸಿಗೆಯಲ್ಲಿ ನೆಲ ಒಣಗಿ ಅರ್ತ್ ಗುಂಡಿ ಕೆಲಸ ಮಾಡದೇ ಇರಬಹುದು, ಮಾರ್ಚ್ ಹೊತ್ತಿಗೆ ನೀರು ಹಾಕಿಸಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು.

ಗಿಲ್ಮೋರ್ ಬಳಸಿದ ಹೈವಾಟ್ 100 ವಾಟಿನ ಆಂಪ್, ದನಿ ಜೋರಾದರೂ ಒಡೆಯದಂಥದ್ದು. ಒಡೆತವೆಲ್ಲ ಪೆಡಲ್‌ನದು. ಮನೆಯ 10–20 ವಾಟಿನ ಆಂಪ್‌ನಲ್ಲೂ ಇದೇ ತತ್ತ್ವ: ಆಂಪ್ ಅನ್ನು ಕ್ಲೀನ್‌ನಲ್ಲೇ ಇಡಿ. ಬಿಗ್ ಮಫ್ ನಡುವಿನ ಸ್ವರಮಟ್ಟವನ್ನು ತಗ್ಗಿಸಿಬಿಡುತ್ತದೆ. ಸಣ್ಣ ಸ್ಪೀಕರಿನಲ್ಲಿ ಅದು ನೊಣದ ಗುಂಯ್‌ಗಾಟದಂತೆ ಕೇಳುವುದಕ್ಕೆ ಕಾರಣ ಅದು. ಆಂಪ್‌ನಲ್ಲಿ ಮಿಡ್ ಏರಿಸಿ, ಬಾಸ್ ಇಳಿಸಿ, ಪೆಡಲ್‌ನ ಟೋನ್ ಅನ್ನು ಅರ್ಧಕ್ಕಿಂತ ಸ್ವಲ್ಪ ಕೆಳಗಿಡಿ. ಕ್ರಮ: ದನಿಯ ಏರಿಳಿತ ಸಮ ಮಾಡುವ ಕಂಪ್ರೆಸರ್, ಬಿಗ್ ಮಫ್, ಕೊನೆಗೆ ಡಿಲೇ. ಡಿಲೇ ಮುಂದೆ ಬಂದು ಮಫ್ ಹಿಂದೆ ಹೋದರೆ ಮರುದನಿಗಳೆಲ್ಲ ಕಲಸಿ ಮುದ್ದೆಯಾಗುತ್ತದೆ. ಸಣ್ಣ ದನಿಯನ್ನು ಮುಚ್ಚಿಬಿಡುವ ನಾಯ್ಸ್ ಗೇಟ್ ಹಾಕಿ ಗುಂಯ್ ತಡೆಯುವ ಆಸೆ ಬರುತ್ತದೆ. ಹಾಕಿದರೆ ಸ್ವರದ ಬಾಲವೂ ಕತ್ತರಿಸಿಹೋಗುತ್ತದೆ.

ಕೇಳುವವರಿಗೂ ಒಂದು ಮಾತು. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ‘ಶೈನ್ ಆನ್’ನ ಮೊದಲ ನಿಮಿಷಗಳು ಕೇಳಿಸುವುದೇ ಇಲ್ಲ, ಕೇಳಲೆಂದು ದನಿ ಏರಿಸಿದರೆ ಡ್ರಮ್ಸ್ ಬಂದಾಗ ಕಿವಿ ಕಿತ್ತುಹೋಗುತ್ತದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ. ಹಾಗೆ ಕೇಳಿದಾಗ ರಿಚರ್ಡ್ ರೈಟ್ ಯಾರು ಎಂಬುದು ತಿಳಿಯುತ್ತದೆ. ಗಿಟಾರ್ ಅಭಿಮಾನಿಗಳು ಅವರಿಗೆ ಕೊಡಬೇಕಾದ ಮರ್ಯಾದೆ ಕೊಟ್ಟಿಲ್ಲ. ಗಿಲ್ಮೋರ್ ಒಂದು ಸ್ವರವನ್ನು ಅಷ್ಟು ಹೊತ್ತು ಹಿಡಿದು ನಿಲ್ಲಲು ಆಗುವುದು ಕೆಳಗೆ ರೈಟ್ ಅವರ ಕೀಬೋರ್ಡ್ ನೆಲ ಹಾಸಿರುವುದರಿಂದ. ನಿಕ್ ಮೇಸನ್ ಕೂಡ ಅವಸರ ಮಾಡದ ಡ್ರಮ್ಮರ್. ರೈಟ್ 2008ರಲ್ಲಿ ತೀರಿಕೊಂಡರು. 2005ರ ಜುಲೈ 2ರಂದು ಲಂಡನ್ನಿನಲ್ಲಿ ನಡೆದ ಲೈವ್ 8 ಕಾರ್ಯಕ್ರಮದಲ್ಲಿ ವಾಟರ್ಸ್ ಸೇರಿ ನಾಲ್ವರೂ ಒಟ್ಟಿಗೆ ನುಡಿಸಿದ್ದೇ ಕೊನೆ.

ಆದ್ದರಿಂದ ಊರಲ್ಲಿ ತಂಡ ಕಟ್ಟಿ ಈ ಹಾಡುಗಳನ್ನು ನುಡಿಸಬೇಕೆಂದಿರುವವರು ಎರಡನೇ ಗಿಟಾರ್ ಹುಡುಕುವ ಮೊದಲು ಕೀಬೋರ್ಡ್ ನುಡಿಸುವವರನ್ನು ಹುಡುಕಬೇಕು. ಸುಗಮ ಸಂಗೀತಕ್ಕೆ ಹಾರ್ಮೋನಿಯಂ ಹಿಡಿಯುವವರು ಪ್ರತಿ ಊರಲ್ಲೂ ಇದ್ದಾರೆ. ಕೈ ಎತ್ತದೆ ಸ್ವರ ಹಿಡಿದು ನಿಲ್ಲಿಸುವುದು ಅವರಿಗೆ ಅಭ್ಯಾಸ. ಸ್ಟ್ರಿಂಗ್ಸ್ ಅಥವಾ ಆರ್ಗನ್ ದನಿಯಿರುವ ಯಾವ ಕೀಬೋರ್ಡ್ ಆದರೂ ನಡೆಯುತ್ತದೆ. ಕಾರ್ಡ್ ಬದಲಾಗುವಾಗ ಎರಡಕ್ಕೂ ಸಾಮಾನ್ಯವಾದ ಸ್ವರದ ಬೆರಳನ್ನು ಎತ್ತಬೇಡಿ ಎಂದಷ್ಟೇ ಹೇಳಿ.

ಇನ್ನು ಒಬ್ಬರೇ ಇರುವವರು, ಎಲೆಕ್ಟ್ರಿಕ್ ಇಲ್ಲದವರು, ಮಳೆಗೆ ಮೂರು ದಿನ ಕರೆಂಟಿಲ್ಲದವರು ‘ವಿಶ್ ಯು ವರ್ ಹಿಯರ್’ನಿಂದ ಶುರು ಮಾಡಿ. ಅದರ ಮೊದಲ ಗಿಟಾರ್ ಹನ್ನೆರಡು ತಂತಿಯದು, ಹಳೆಯ ರೇಡಿಯೊದಿಂದ ಬರುವ ಹಾಗೆ ದನಿಯನ್ನು ಬೇಕೆಂದೇ ತೆಳ್ಳಗೆ ಮಾಡಿದ್ದಾರೆ. ಭದ್ರಾವತಿ ಆಕಾಶವಾಣಿಯನ್ನು ಮಳೆಯ ಗರಗರದ ನಡುವೆ ಕೇಳಿ ಬೆಳೆದವರಿಗೆ ಆ ದನಿ ತಕ್ಷಣ ಗುರುತು ಸಿಗುತ್ತದೆ. ಆಮೇಲೆ ಅದೇ ಕೋಣೆಯಲ್ಲಿ ಕೂತವರೊಬ್ಬರು ರೇಡಿಯೊ ಜೊತೆ ನುಡಿಸುತ್ತಿದ್ದಾರೆ ಅನ್ನುವಂತೆ ಎರಡನೇ ಗಿಟಾರ್ ಹತ್ತಿರದಿಂದ ಬರುತ್ತದೆ, ಒಂದು ಕೆಮ್ಮೂ ಕೇಳುತ್ತದೆ. ಕಲಿಯಲು ಬೇಕಾದ್ದು ಇಷ್ಟೇ: ಉಂಗುರ ಬೆರಳು ಎರಡನೇ ತಂತಿಯ ಮೂರನೇ ಫ್ರೆಟ್ಟಿನಲ್ಲಿ, ಕಿರುಬೆರಳು ಒಂದನೇ ತಂತಿಯ ಮೂರನೇ ಫ್ರೆಟ್ಟಿನಲ್ಲಿ. ಶುರುವಿನ ಇ ಮೈನರ್ ಸೆವೆನ್, ಜಿ, ಎ ಸೆವೆನ್ ಸಸ್ ಫೋರ್ ಮೂರರಲ್ಲೂ ಆ ಎರಡು ಬೆರಳು ಕದಲುವುದಿಲ್ಲ. ಉಳಿದೆರಡು ಬೆರಳು ಮಾತ್ರ ದಪ್ಪ ತಂತಿಗಳ ಮೇಲೆ ಜಾಗ ಬದಲಿಸುತ್ತವೆ. ಕದಲಿಸಿ ಮತ್ತೆ ಇಡುವವರ ಕೈಯಲ್ಲಿ ಈ ಹಾಡು ತುಂಡು ತುಂಡಾಗುತ್ತದೆ. ಕಿರುಬೆರಳು ನೋಯುತ್ತದೆ, ಮೊದಲ ವಾರ ಜಾರುತ್ತದೆ, ಆಮೇಲೆ ನಿಲ್ಲುತ್ತದೆ.